ರಾಜ ಎಳೆದು ತಂದ ದೊಡ್ಡಜ್ಜಿ

ಒಂದು ರಾಜ್ಯ ಇತ್ತು. ರಾಜ್ಯ ಅಂದಮೇಲೆ ರಾಜ ಇರಬೇಕಲ್ಲ, ಇದ್ದ. ಏಳನೇ ಮಲ್ಲರಾಯ ಅಂತ ಅವನ ಹೆಸರು. ಮೊದಲಿನ ಆರು ಮಲ್ಲರಾಯರು ಯಾರು ಅಂತ ಮಾತ್ರ ನೀವು ಕೇಳಬಾರದು. ಹಂಗೆ ಕೇಳಿದವರೆಲ್ಲ ಸೆರೆಮನೆಯಲ್ಲಿ ಕೂತು ಅದನ್ನೇ ಯೋಚನೆ ಮಾಡ್ತಿದ್ದರು.

ನಿಜ ಹೇಳ್ತೀನಿ, ಹತ್ತಿರ ಬನ್ನಿ. ಅವನ ತಾತ ದನದ ಸಂತೆಯಲ್ಲಿ ಎಮ್ಮೆ ಹಲ್ಲು ನೋಡೋನು. ಎಮ್ಮೆಯ ಬಾಯಿ ಅಗಲಿಸಿ, ಹಲ್ಲು ನೋಡಿ, ಇದಕ್ಕೆ ಇಷ್ಟು ವಯಸ್ಸು ಅಂತ ಹೇಳೋನು. ಒಂದು ದಿನವೂ ಸುಳ್ಳು ಹೇಳಲಿಲ್ಲವಂತೆ. ನನ್ನ ಕೇಳಿದರೆ ಅದು ಮರ್ಯಾದೆಯ ಕೆಲಸ. ಅವನ ಮಗ ಒಂದು ಕುದುರೆ ಕೊಂಡ, ಆಮೇಲೆ ಒಂದು ಕತ್ತಿ ಕೊಂಡ, ಆಮೇಲೆ ಒಂದು ಕೋಟೆ ಹಿಡಿದ. ಕೋಟೆ ಹಿಡಿದ ಮೇಲೆ ಮನೆಯಲ್ಲಿ ಯಾರೂ ಎಮ್ಮೆ ಅನ್ನಬಾರದು ಅಂತ ಕಟ್ಟಪ್ಪಣೆ ಆಯ್ತು. ಮೊಮ್ಮಗ ಮಲ್ಲರಾಯನ ಕಾಲಕ್ಕೆ ಅರಮನೆಯಲ್ಲಿ ಗಟ್ಟಿ ಮೊಸರು ಬಡಿಸೋದನ್ನೂ ನಿಲ್ಲಿಸಿದ್ದರು. ಯಾವುದರ ಮೊಸರು ಅಂತ ಯಾರಾದರೂ ಕೇಳಿಬಿಟ್ಟರೆ?

ಇಂಥ ರಾಜನಿಗೆ ಮದುವೆ ವಯಸ್ಸಿಗೆ ಬಂದ ಮಗ ಒಬ್ಬ ಇದ್ದ. ಹೊಳೆಯಾಚೆ ರಾಜ್ಯದ ಹೆಣ್ಣೇ ಬೇಕು ಅಂತ ರಾಜ ಹಟ ಹಿಡಿದ. ಹೊಳೆಯಾಚೆ ಯಜಮಾನಿಕೆಯೆಲ್ಲ ಒಬ್ಬಳು ಮುದುಕಿಯದು, ಅಲ್ಲಿನ ರಾಜಮಾತೆ. ಬಾಯಲ್ಲಿ ಒಂದೂ ಹಲ್ಲಿಲ್ಲ, ಆದರೂ ಮಾತು ಕಚ್ಚುತ್ತೆ. ಅವಳು ಹೇಳಿ ಕಳಿಸಿದಳು: "ನಿಮ್ಮ ಕೋಟೆ ನೋಡಿದ್ದೀವಿ, ಆನೆ ನೋಡಿದ್ದೀವಿ. ನಿಮ್ಮ ಹಿರೀಕರನ್ನ ನೋಡಿಲ್ಲ. ಯುಗಾದಿಗೆ ಮನೆ ನೋಡೋಕೆ ಬರ್ತೀವಿ. ನಿಮ್ಮದು ಎಷ್ಟು ಹಳೇ ಮನೆತನ ಅಂತ ತೋರಿಸಿ, ಆಮೇಲೆ ಹೆಣ್ಣಿನ ಮಾತು."

ರಾಜನಿಗೆ ಅನ್ನ ಇಳೀಲಿಲ್ಲ. ಆಸ್ಥಾನಕವಿ ಶೃಂಗಾರಯ್ಯನನ್ನ ಕರೆಸಿದ.

"ನಮಗೆ ಹಿರಿಯರು ಬೇಕು. ಬೇಗ ಬೇಕು," ಅಂದ.

ಶೃಂಗಾರಯ್ಯ ಮಹಾ ಬುದ್ಧಿವಂತ. ಅವನ ಬುದ್ಧಿಯಿಂದ ಅವನಿಗೆ ಒಂದು ಸಲವೂ ಕೆಟ್ಟದ್ದಾಗಿರಲಿಲ್ಲ, ಆಗೋದೆಲ್ಲ ಬೇರೆಯವರಿಗೇ ಆಗ್ತಿತ್ತು. ಅವನು ಹೇಳಿದ: "ಮಹಾಪ್ರಭು, ಈ ಸೀಮೆಯಲ್ಲಿ ಎಲ್ಲಕ್ಕಿಂತ ಹಳೇದು ಯಾವುದೋ ಅದನ್ನೇ ನಿಮ್ಮ ಹಿರಿಯರು ಮಾಡಿದರಾಯ್ತು. ಅಜ್ಜಿಗುಡ್ಡದಲ್ಲಿ ಒಂದು ದೊಡ್ಡ ಬಂಡೆ ಇದೆ. ಅಲ್ಲಿನ ಜನ ಅದನ್ನ ದೊಡ್ಡಜ್ಜಿ ಅಂತಾರೆ. ನಿಮ್ಮ ವಂಶದ ಮೂಲಪುರುಷ ಆ ಬಂಡೆ ಸೀಳಿಕೊಂಡು ಹುಟ್ಟಿದ ಅಂತ ನಾನು ಬರೀತೀನಿ. ನೀವು ಅದನ್ನ ತಂದು ಅಂಗಳದಲ್ಲಿ ನಿಲ್ಲಿಸಿ. ಅದಕ್ಕಿಂತ ಹಳೇ ಅಜ್ಜಿ ಯಾವ ರಾಜನಿಗಿದ್ದಾಳೆ?"

"ಬಂಡೆಯಿಂದ ಹುಟ್ಟಿದ್ದು ನಿಜಾನಾ?"

"ನೀವು ನಿಜ ಅಂದರೆ ನಿಜ."

"ನೀನು ಬರೆದಿದ್ದೀಯ ಅಂದಮೇಲೆ ನಿಜವೇ ಇರಬೇಕು," ಅಂದ ರಾಜ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ. ಸಂಕ್ರಾಂತಿ ಕಳೆದ ಮಾರನೇ ದಿನವೇ ಆನೆ, ಹಗ್ಗ, ಮರದ ದಿಮ್ಮಿ, ಮುನ್ನೂರು ಆಳು ಎಲ್ಲ ಹೊರಟವು.

ಈಗ ಅಜ್ಜಿಗುಡ್ಡ ಹೆಂಗಿತ್ತು ಅಂತ ಕೇಳಿ. ಗುಡ್ಡದ ತುಂಬ ದುಂಡನೆ ಕಗ್ಗಲ್ಲು ಬಂಡೆಗಳು, ಒಂದರ ಮೇಲೊಂದು. ಯಾರೋ ಗೋಲಿ ಆಡ್ತಾ ಆಡ್ತಾ ಊಟಕ್ಕೆ ಕರೆದರು ಅಂತ ಅಲ್ಲೇ ಬಿಟ್ಟು ಹೋದ ಹಾಗೆ. ಅಲ್ಲಿ ನಲವತ್ತು ಮನೆ. ರಾಜ್ಯ ಹುಟ್ಟೋಕೆ ಮುಂಚೆ, ದಾರಿ ಬೀಳೋಕೆ ಮುಂಚೆ ಆ ಜನ ಅಲ್ಲಿದ್ದರು. ಒಂದೊಂದು ಬಂಡೆಗೂ ಅವರಲ್ಲಿ ಸಂಬಂಧ ಉಂಟು. ಇವಳು ದೊಡ್ಡಜ್ಜಿ, ಅವಳು ಸಣ್ಣಜ್ಜಿ, ಬಾಗಿ ನಿಂತಿದ್ದು ಗೂನಜ್ಜ. ಮಗು ಹುಟ್ಟಿದರೆ ಮೊದಲು ಒಯ್ದು ದೊಡ್ಡಜ್ಜಿಗೆ ಕೆನ್ನೆ ತಾಗಿಸಬೇಕು. ಅಲ್ಲಿಗೆ ಅದು ಅವಳ ಮೊಮ್ಮಗು.

ದೊಡ್ಡಜ್ಜಿಯ ಹೊಟ್ಟೆಯ ಕೆಳಗೆ ಒಂದು ದೊಣೆ ಇತ್ತು. ದೊಣೆ ಅಂದರೆ ಹಾಸುಬಂಡೆಯಲ್ಲಿ ತಾನಾಗಿ ಆದ ನೀರಿನ ಗುಂಡಿ. ಮಳೆನೀರು ಅದರಲ್ಲಿ ನಿಲ್ಲುತ್ತೆ, ಅಜ್ಜಿಯ ನೆರಳು ಅದನ್ನ ಕಾಯುತ್ತೆ. ಬ್ಯಾಸಗೆಯಲ್ಲಿ ನಲವತ್ತು ಮನೆಗೂ ಅದೇ ನೀರು. ಆದರೆ ಕೇಳದೆ ಯಾರೂ ಮುಟ್ಟೋ ಹಾಗಿಲ್ಲ. ಅಜ್ಜಿ ಮುಂದೆ ನಿಂತು, "ಕುಡೀಲಾ ಅಜ್ಜಿ?" ಅನ್ನಬೇಕು. ಬಂಡೆ ಮೇಲೆ ಬಿಸಿಲು ಕಾಯೋ ಓತಿಕ್ಯಾತ ತಲೆ ಆಡಿಸಿದರೆ ಅಜ್ಜಿ ಹೂಂ ಅಂದ ಹಾಗೆ. ನಗಬೇಡಿ. ನೀವು ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಏನು ಮಾಡ್ತೀರಿ ಅಂತ ನಾನು ನೋಡಿಲ್ವಾ?

ಆ ಜನಕ್ಕೆ ಹಿರಿಯಳು ಬೋರಕ್ಕ. ಸಣ್ಣಗೆ ಕಡ್ಡಿಯಂಗಿದ್ದಳು. ಆನೆಗಳು ಗುಡ್ಡದ ಬುಡಕ್ಕೆ ಬಂದಾಗ ಅವಳೇ ಇಳಿದು ಬಂದಳು.

ಆನೆಗಳ ಜತೆ ತಾನೇ ಬಂದಿದ್ದ ರಾಜ ಹೇಳಿದ: "ಈ ದೊಡ್ಡಜ್ಜಿ ನಮ್ಮ ವಂಶದ ಮೂಲ. ನಮ್ಮಜ್ಜಿಯನ್ನ ನಮ್ಮ ಮನೆಗೆ ಕರ್ಕೊಂಡು ಹೋಗೋಕೆ ಬಂದಿದ್ದೀವಿ."

ಬೋರಕ್ಕನ ಹಿಂದೆ ನಿಂತ ಗಂಡಸರು ಕೈಗೆ ಕಲ್ಲು ತಗೊಂಡರು. ಅವಳು ಆನೆಗಳನ್ನ ನೋಡಿದಳು, ಮುನ್ನೂರು ಆಳನ್ನ ನೋಡಿದಳು, ತನ್ನವರನ್ನ ನೋಡಿದಳು. ಕಲ್ಲು ಕೆಳಗಿಡಿ ಅಂತ ಕೈಸನ್ನೆ ಮಾಡಿದಳು.

"ಬುದ್ಧಿ," ಅಂದಳು, "ಈಕೆ ನಿಮ್ಮಜ್ಜಿನಾ?"

"ಹೌದು."

"ಮೇಲೆ ಸೂರ್ಯ ನೋಡ್ತಿದಾನೆ. ಇನ್ನೊಂದು ಸಲ ಕೇಳ್ತೀನಿ. ಈಕೆ ನಿಮ್ಮಜ್ಜಿನಾ?"

"ಹೌದು ಅಂದೆನಲ್ಲ."

"ನಾಳೆ ಯಾರಾದರೂ ಅಲ್ಲ ಅಂದರೆ?"

ರಾಜನಿಗೆ ರೇಗಿತು. ವಂಶಾವಳಿ ಕೆತ್ತಿದ ತಾಮ್ರದ ಹಲಗೆಯನ್ನ ತರಿಸಿ, ಡಂಗುರ ಹೊಡೆಸಿ, ಎಲ್ಲರ ಮುಂದೆ ಶೃಂಗಾರಯ್ಯನಿಂದ ಓದಿಸಿದ. ದೊಡ್ಡಜ್ಜಿಯ ಮೊಮ್ಮಗ ಏಳನೇ ಮಲ್ಲರಾಯ ಅಂತ ಮೂರು ಸಲ ಓದಿದ್ದಾಯ್ತು.

ಅಲ್ಲಿವರೆಗೆ ಕೈ ಕಟ್ಟಿ ನಿಂತಿದ್ದ ಬೋರಕ್ಕ ಸೀದಾ ಬಂದಳು. ರಾಜನ ಎರಡು ಕೆನ್ನೆ ಸವರಿ ನೆಟಿಗೆ ಮುರಿದಳು.

"ಹಂಗಾದರೆ ನೀನು ನಮ್ಮೋನೇ ಕಣೋ ಮಗಾ. ಇಷ್ಟು ದಿನ ಎಲ್ಲಿ ಹೋಗಿದ್ದೆ? ಕರ್ಕೊಂಡು ಹೋಗು. ಅಜ್ಜೀನ ಮನೇಲಿ ಇಟ್ಕೊಳ್ಳೋ ಪದ್ಧತಿ ಗೊತ್ತಲ್ಲ?"

ರಾಜ ಕವಿಯನ್ನ ನೋಡಿದ. ಕವಿ ಆಕಾಶ ನೋಡಿದ. ಗೊತ್ತಿಲ್ಲ ಅಂದರೆ ಇದೆಂಥ ಮೊಮ್ಮಗ ಅಂತಾರೆ. "ನಮ್ಮಜ್ಜಿ ಪದ್ಧತಿ ನಮಗೆ ಗೊತ್ತಿಲ್ಲದೆ ಇರುತ್ತಾ?" ಅಂದ. ಸಿಕ್ಕಿಬಿದ್ದದ್ದು ಅಲ್ಲೇ. ಆದರೆ ಅದು ಅವನಿಗೆ ಗೊತ್ತಾಗೋಕೆ ಇನ್ನೂ ಒಂದು ತಿಂಗಳು ಬೇಕಾಯ್ತು.

ಆನೆಗಳು ಎಳೆದವು. ದೊಡ್ಡಜ್ಜಿ ಕೂತಿದ್ದ ಜಾಗದಲ್ಲಿ ಒಂದು ತಗ್ಗು ಉಳೀತು. ದೊಣೆಯ ನೀರಿನ ಮೇಲೆ ನಡುಮಧ್ಯಾಹ್ನದ ಬಿಸಿಲು ಬಿದ್ದದ್ದು ಅದೇ ಮೊದಲು. ಬೋರಕ್ಕ ಮಂಡಿಯೂರಿ ಕೈ ಇಳಿಸಿ ನೋಡಿದಳು. ನೀರು ಭುಜದವರೆಗೆ ಬಂತು. ಅಲ್ಲೇ ಕೂತು ಅತ್ತಳು.

"ಕೊಟ್ಟೇ ಬಿಟ್ಟೆಯಲ್ಲ ಬೋರಕ್ಕ," ಅಂದರು ಜನ.

"ಎಲ್ಲಿ ಕೊಟ್ಟೆ? ನಾನೂ ಜತೆಗೆ ಹೋಗ್ತಿದ್ದೀನಿ," ಅಂತ ಕಣ್ಣೊರೆಸಿಕೊಂಡು ಎದ್ದಳು. ಇನ್ನೂ ಆರು ಜನ ಮುದುಕಿಯರು ಸೆರಗು ಸಿಕ್ಕಿಸಿಕೊಂಡು ಅವಳ ಹಿಂದೆ ಹೊರಟರು.

ಶಿವರಾತ್ರಿ ಹೊತ್ತಿಗೆ ದೊಡ್ಡಜ್ಜಿ ಅರಮನೆಗೆ ಬಂದಳು. ಬಾಗಿಲಿಗೆ ಹಿಡೀಲಿಲ್ಲ. ಅಜ್ಜಿಯನ್ನ ಕಡಿಯೋ ಹಾಗಿಲ್ಲ, ಬಾಗಿಲನ್ನೇ ಒಡೆದರು. ಶತ್ರುಗಳು ಮೂರು ಸಲ ಬಂದು ಒಡೆಯೋಕಾಗದೆ ಹೋದ ಬಾಗಿಲು ಅದು. ರಾಜ ತಾನೇ ನಿಂತು ಒಡೆಸಿದ. ಅಜ್ಜಿಯನ್ನ ಅಂಗಳದ ನಡುವೆ ನಿಲ್ಲಿಸಿ, ಹೂವಿನ ಹಾರ ಹಾಕಿ, ಸಿಂಹಾಸನದ ಮೇಲೆ ಕೂತು ಮೀಸೆ ತಿರುವಿದ.

"ಇಳಿಯೋ ಮಗಾ," ಅಂದಳು ಬೋರಕ್ಕ.

"ಏನು?"

"ಅಜ್ಜಿ ಕೆಳಗೆ ನೆಲದ ಮೇಲೆ ಕೂತಿದಾಳೆ. ಮೊಮ್ಮಗ ಮೇಲೆ ಕೂತ್ಕೋತಾನಾ? ಗೊತ್ತು ಅಂದಿದ್ದೆಯಲ್ಲ."

ಸಭೆಯೆಲ್ಲ ನೋಡ್ತಿತ್ತು. "ಗೊತ್ತು, ಗೊತ್ತು. ನೀವು ಹೇಳ್ತೀರೋ ಇಲ್ವೋ ಅಂತ ನೋಡಿದೆ," ಅಂತ ರಾಜ ಇಳಿದ. ಚಾಪೆ ಬಂತು. ಅವತ್ತಿಂದ ನೆಲದ ಮೇಲೇ ದರ್ಬಾರು. ರಾಜ ನೆಲದಲ್ಲಿ ಅಂದಮೇಲೆ ಮಂತ್ರಿ ಮಾನ್ಯರು ಇನ್ನೂ ತಗ್ಗಿನಲ್ಲಿ ಕೂರಬೇಕಲ್ಲ, ಅವರಿಗೆ ಅಂತ ಅಂಗಳದಲ್ಲಿ ಗುಂಡಿ ತೋಡಿಸಿದರು. ರಾಜ್ಯಭಾರ ಅಷ್ಟು ಆಳವಾಗಿ ಯಾವತ್ತೂ ನಡೆದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಎಲೆ ಹಾಕಿದರು. ರಾಜ ತುತ್ತು ಎತ್ತಿದ.

"ಅಜ್ಜೀನ ಕೇಳಿದೆಯಾ?" ಅಂದಳು ಬೋರಕ್ಕ.

ರಾಜ ಎದ್ದು ಹೋಗಿ ಬಂಡೆ ಮುಂದೆ ನಿಂತ. "ಊಟ ಮಾಡಲಾ ಅಜ್ಜಿ?" ಅಂದ. ಅಜ್ಜಿ ಸುಮ್ಮನಿದ್ದಳು. ಗುಡ್ಡದಲ್ಲಾದರೆ ಹೆಜ್ಜೆಗೊಂದು ಓತಿಕ್ಯಾತ. ಅರಮನೆಯಲ್ಲಿ ಹನ್ನೊಂದು ಬೆಕ್ಕು. ಹುಳುಹುಪ್ಪಟೆ ಕೂಡ ಅಲ್ಲಿ ಅಪ್ಪಣೆ ಇಲ್ಲದೆ ಓಡಾಡ್ತಿರಲಿಲ್ಲ. ರಾಜ ಬಿಸಿಲಲ್ಲಿ ಕಾದ. ಅನ್ನ ಆರಿತು, ಸಾರು ಆರಿತು, ಹೊತ್ತು ಮುಳುಗಿತು.

ಮಾರನೇ ದಿನ ಶೃಂಗಾರಯ್ಯ ಎಲ್ಲಿಂದಲೋ ಒಂದು ಓತಿಕ್ಯಾತ ಹಿಡಿಸಿ ತಂದ. ಬಂಡೆ ಮೇಲೆ ಇಟ್ಟರೆ ಅದು ರಾಜನ ತಲೆ ಮೇಲೆ ಹಾರಿ, ಅಲ್ಲಿಂದ ಗೋಡೆಗೆ ಹಾರಿ, ಓಡಿಹೋಯ್ತು.

"ಹಿಡಕೊಂಡು ಬಂದು ಹೂಂ ಅನ್ನಿಸಿದರೆ ಅದು ಹೂಂ ಅಲ್ಲ ಮಗಾ," ಅಂದಳು ಬೋರಕ್ಕ.

ಕದ್ದು ತಿನ್ನಬಹುದಿತ್ತಲ್ಲ ಅಂತೀರಾ? ತಿಂದ. ಬಚ್ಚಲುಮನೆಯಲ್ಲಿ ಕೂತು ಬಾಳೆಹಣ್ಣು ತಿಂದ. ಮೂರನೇ ದಿನಕ್ಕೆ ಮುದುಕಿಯರು ಸಿಪ್ಪೆ ಕಂಡುಹಿಡಿದರು. "ಅಜ್ಜಿಗೆ ಹೇಳದೆ ತಿನ್ನೋ ವಯಸ್ಸಾ ಇದು?" ಅಂತ ಆರು ಜನವೂ ಅಡುಗೆಮನೆ ಬಾಗಿಲಲ್ಲೇ ಎಲೆಅಡಿಕೆ ಹಾಕ್ಕೊಂಡು ಕೂತರು. ಆಮೇಲೆ ಬೆಕ್ಕುಗಳನ್ನೆಲ್ಲ ಊರಾಚೆ ಬಿಡಿಸಿದ ಮೇಲೆ, ಎರಡು ದಿನಕ್ಕೊಂದು ಸಲ ಯಾವುದೋ ಒಂದು ಓತಿಕ್ಯಾತ ಬಂದು ತಲೆ ಆಡಿಸಿ ಹೋಗ್ತಿತ್ತು. ರಾಜ ಓಡಿಬಂದು ಎಲೆ ಮುಂದೆ ಕೂರ್ತಿದ್ದ.

ಅಷ್ಟರಲ್ಲಿ ಗುಡ್ಡದಿಂದ ಸುದ್ದಿ ಬಂತು. ದೊಣೆಯಲ್ಲಿ ಕೈ ಇಳಿಸಿದರೆ ನೀರು ಮೊಣಕೈಗೆ ಬರ್ತಿದೆ ಅಂತ. ಬೋರಕ್ಕ ತನ್ನ ಮೊಣಕೈ ಮುಟ್ಟಿ ನೋಡಿಕೊಂಡು, "ಎಲ್ಲರೂ ಬನ್ನಿ ಅನ್ನು. ಅಜ್ಜಿ ಇರೋದೇ ಮನೆ," ಅಂದಳು.

ನಲವತ್ತು ಮನೆಯವರೂ ಬಂದರು. ಮೇಕೆ ಬಂದವು, ಕೋಳಿ ಬಂದವು, ಒಲೆಕಲ್ಲು ಬಂದವು. ಅಂಗಳದ ತುಂಬ ಅಡುಗೆ ಹೊಗೆ. ಇವರಿಗೆಲ್ಲ ಬಾವಿಯಿಂದ ನೀರು ಹೊರೋದು ಯಾರು ಅಂತ ಮಾತು ಬಂತು.

"ನಮ್ಮಲ್ಲಿ ಕಿರಿಯರೇ ಹೊರಬೇಕು," ಅಂದಳು ಬೋರಕ್ಕ. "ಅಜ್ಜಿಯ ಹತ್ತಿರ ಯಾರು ಕೊನೆಗೆ ಬಂದರೋ ಅವರೇ ಕಿರಿಯರು." ಒಬ್ಬಳ ಸೊಂಟದ ಮೇಲಿದ್ದ ಆರು ತಿಂಗಳ ಕೂಸನ್ನ ರಾಜನಿಗೆ ತೋರಿಸಿದಳು. "ಇವನು ದಸರೆಗೆ ಕೆನ್ನೆ ತಾಗಿಸಿದ. ನೀನು ಸಂಕ್ರಾಂತಿಗೆ ಬಂದೆ. ಇವನು ನಿನಗೆ ಅಣ್ಣ ಆಗಬೇಕು."

ಅಣ್ಣ ಬೆರಳು ಚೀಪ್ತಾ ತಮ್ಮನನ್ನ ನೋಡಿತು.

ರಾಜ ಕವಿಯನ್ನ ಮೂಲೆಗೆ ಎಳೆದ. "ಇವರನ್ನೆಲ್ಲ ಒದ್ದು ಓಡಿಸ್ತೀನಿ."

"ಓಡಿಸಬಹುದು ಮಹಾಪ್ರಭು," ಅಂದ ಶೃಂಗಾರಯ್ಯ. "ಆದರೆ ಇದು ಅಜ್ಜಿ ಅನ್ನೋರು ಲೋಕದಲ್ಲಿ ಇವರೊಬ್ಬರೇ. ಇವರು ಹೋದರೆ ಅಂಗಳದಲ್ಲಿ ಉಳಿಯೋದು ಬರೀ ಬಂಡೆ. ಯುಗಾದಿಗೆ ರಾಜಮಾತೆ ಬಂದರೆ ಏನು ತೋರಿಸ್ತೀರಿ? ಇನ್ನು ಹದಿನೈದೇ ದಿನ, ಹೊತ್ತುಬಿಡಿ."

ರಾಜ ಹೊತ್ತ. ನಲವತ್ತು ಮನೆಗೆ ದಿನಕ್ಕೆ ಎಂಬತ್ತು ಬಿಂದಿಗೆ. ಹೊಟ್ಟೆ ಕರಗಿತು, ಮೀಸೆ ಜೋತುಬಿತ್ತು. ಪ್ರಜೆಗಳು ಒಡೆದ ಬಾಗಿಲಲ್ಲಿ ನಿಂತು ನೋಡಿ ಹೋಗ್ತಿದ್ದರು. ತೆರಿಗೆ ಕೊಟ್ಟದ್ದಕ್ಕೆ ಮೊದಲನೇ ಸಲ ಏನೋ ಸಿಕ್ಕಿತು ಅಂತ ಅವರಿಗೆ ಖುಷಿ. ಬೋರಕ್ಕನಿಗೆ ಮಾತ್ರ ಖುಷಿ ಇರಲಿಲ್ಲ. ಯುಗಾದಿಯ ಹಿಂದಿನ ದಿನ ಗುಡ್ಡದಿಂದ ಮತ್ತೆ ಸುದ್ದಿ ಬಂದಿತ್ತು. ನೀರು ಮಣಿಕಟ್ಟಿಗೆ ಇಳಿದಿತ್ತು.

ಯುಗಾದಿ ಬಂತು, ರಾಜಮಾತೆಯ ಪಲ್ಲಕ್ಕಿ ಬಂತು. ಮುದುಕಿ ಇಳಿದು ಒಡೆದ ಬಾಗಿಲು ನೋಡಿದಳು, ಗುಂಡಿಯೊಳಗೆ ಕೂತ ಮಂತ್ರಿಗಳನ್ನ ನೋಡಿದಳು, ಹೆಗಲ ಮೇಲೆ ಬಿಂದಿಗೆ ಹೊತ್ತು ನಿಂತ ರಾಜನನ್ನ ನೋಡಿದಳು.

"ಈಕೆ ನಿಮ್ಮಜ್ಜಿನಾ?" ಅಂತ ಬಂಡೆ ಕಡೆ ಕೈ ತೋರಿಸಿದಳು.

"ಹೌದು ತಾಯಿ," ಅಂದ ರಾಜ. ಇಷ್ಟು ದಿನ ಹೊತ್ತದ್ದೆಲ್ಲ ಈ ಒಂದು ಮಾತಿಗೆ ತಾನೆ.

ಬೋರಕ್ಕ ಅರಿಶಿನ ಕುಂಕುಮ ಹಿಡಕೊಂಡು ಮುಂದೆ ಬಂದಳು. "ನಿಜ ತಾಯಿ, ಇವನು ನಮ್ಮೋನೇ. ಇವನ ಮಗನೂ ನಮ್ಮೋನೇ. ನಿಮ್ಮ ಹುಡುಗಿ ಸೊಸೆಯಾಗಿ ಬಂದಳು ಅಂದರೆ ಅವಳೇ ಎಲ್ಲರಿಗಿಂತ ಕೊನೆಯವಳು. ಅವತ್ತಿಗೆ ಇವನು ಬಿಂದಿಗೆ ಇಳಿಸ್ತಾನೆ, ಅವಳು ಹೊರ್ತಾಳೆ. ಬರೀ ಎಂಬತ್ತು."

ರಾಜಮಾತೆ ಬಾವಿ ಎಷ್ಟು ದೂರ ಅಂತ ಕಣ್ಣಲ್ಲೇ ಅಳೆದಳು. "ಯೋಚನೆ ಮಾಡಿ ಹೇಳಿ," ಅಂದಳು ರಾಜನಿಗೆ. "ಈಕೆ ನಿಮ್ಮಜ್ಜಿನಾ?"

ರಾಜ ಲೆಕ್ಕ ಹಾಕಿದ. ಹೌದು ಅಂದರೆ ಹೆಣ್ಣು ಸಿಗಲ್ಲ, ಬಿಂದಿಗೆಯೂ ಇಳಿಯಲ್ಲ, ಸಾಯೋವರೆಗೆ ಓತಿಕ್ಯಾತದ ದಾರಿ ಕಾಯಬೇಕು. ಅಲ್ಲ ಅಂದರೆ ಮಾನ ಹೋಗುತ್ತೆ. ಅತ್ತ ದರಿ, ಇತ್ತ ಪುಲಿ. ಬೆಳಗಿಂದ ಓತಿಕ್ಯಾತ ಬೇರೆ ಬಂದಿರಲಿಲ್ಲ. ಒಳಗಿಂದ ಹೋಳಿಗೆ ಬೇಯೋ ವಾಸನೆ ಬರ್ತಿತ್ತು.

ಮುದುಕಿ ಮೂರನೇ ಸಲ ಕೇಳಿದಳು.

ಬಿಂದಿಗೆ ಕೈಜಾರಿ ಬಿತ್ತು. "ಅಲ್ಲ," ಅಂದ ರಾಜ. "ಅಲ್ಲ ತಾಯಿ, ಅಲ್ಲವೇ ಅಲ್ಲ. ನಮ್ಮ ತಾತ ಸಂತೆಯಲ್ಲಿ ಎಮ್ಮೆ ಹಲ್ಲು ನೋಡ್ತಿದ್ದ. ಇದು ಇವರ ಅಜ್ಜಿ. ನಾನು ಎಳ್ಕೊಂಡು ಬಂದೆ." ಅಷ್ಟು ಹೇಳಿ, ಯಾರನ್ನೂ ಕೇಳದೆ, ನೆಲದ ಮೇಲೆ ಕೂತು ಅತ್ತ.

ರಾಜಮಾತೆ ಪಲ್ಲಕ್ಕಿ ಕಡೆ ತಿರುಗಿದಳು. "ಎಮ್ಮೆ ಹಲ್ಲು ನೋಡೋನ ಮರಿಮಗನಿಗೆ ನಾನು ಹೆಣ್ಣು ಕೊಡ್ತಿದ್ದೆ," ಅಂದಳು. "ಕಂಡವರ ಅಜ್ಜಿ ಕದಿಯೋ ಮನೆಗೆ ಕೊಡಲ್ಲ." ಪಲ್ಲಕ್ಕಿ ಹತ್ತಿದಳು, ಹೊರಟಳು.

ಬೋರಕ್ಕ ತಿರುಗಿ ನಿಂತಳು. ಮಗಾ ಅನ್ನೋ ಮಾತು ಅವಳ ಬಾಯಿಂದ ಹೋಗಿತ್ತು. "ಬುದ್ಧಿ, ಅಜ್ಜಿ ನಿಮ್ಮೋಳಲ್ಲ ಅಂದಮೇಲೆ ನಿಮ್ಮ ಅಂಗಳದಲ್ಲಿ ಅವಳಿಗೇನು ಕೆಲಸ? ಎಳೆದು ತಂದೋರೇ ಎಳೆದು ಬಿಡಬೇಕು. ಮುಂದಿನ ಹಗ್ಗ ನಿಮ್ಮದು."

ಬೇಡ ಅನ್ನೋಕೆ ರಾಜನಿಗೆ ಮುಖ ಇರಲಿಲ್ಲ. ನಿಜ ಹೇಳಬೇಕು ಅಂದರೆ ಅಜ್ಜಿ ಹೊರಟರೆ ಸಾಕಾಗಿತ್ತು. ಹೋಳಿಗೆ ಎರಡು ತಿಂದು ಹಗ್ಗ ಹೆಗಲಿಗೆ ಹಾಕ್ಕೊಂಡ. ತರೋಕೆ ಒಂದು ತಿಂಗಳು ಹಿಡಿದಿತ್ತು. ನಲವತ್ತು ಮನೆಯವರೂ ಸೇರಿ ಎಳೆದದ್ದಕ್ಕೆ ಒಯ್ಯೋಕೆ ಎಂಟೇ ದಿನ ಆಯ್ತು.

ಗುಡ್ಡ ಮುಟ್ಟಿದಾಗ ದೊಣೆಯಲ್ಲಿ ಬೆರಳು ಮುಳುಗೋಷ್ಟು ನೀರು ಇತ್ತು. ದೊಡ್ಡಜ್ಜಿಯನ್ನ ಅವಳ ಹಳೇ ತಗ್ಗಿನಲ್ಲಿ ಕೂರಿಸಿದರು. ನೆರಳು ಬಂದು ನೀರಿನ ಮೇಲೆ ಬಿತ್ತು. ಬೋರಕ್ಕ ಬಂಡೆಗೆ ಕೆನ್ನೆ ಇಟ್ಟು ನಿಂತಳು.

ರಾಜನಿಗೆ ಬಾಯಾರಿತ್ತು. ಅಂಗೈಯೆಲ್ಲ ಬೊಬ್ಬೆ. ದೊಣೆ ಹತ್ತಿರ ಹೋದವನು ಅಲ್ಲೇ ನಿಂತ.

"ನಿಮ್ಮ ತಾತನೂ ಅಲ್ಲೇ ನಿಂತಿದ್ದ ಬುದ್ಧಿ," ಅಂದಳು ಬೋರಕ್ಕ. "ನಾನು ಸಣ್ಣ ಹುಡುಗಿ. ಸಂತೆಗೆ ಹೋಗ್ತಾ ಈ ದಾರೀಲಿ ಬರೋನು. ನಾವು ಯಾರೂ ಇಲ್ಲ ಅಂದುಕೊಂಡಿದ್ದ, ನಾನು ಬಂಡೆ ಹಿಂದೆ ಇದ್ದೆ. ನಾಲಗೆ ಹೊರಗೆ ಬಿದ್ದಿತ್ತು, ಆದರೂ ಕೇಳಿದ. ಓತಿಕ್ಯಾತ ತಲೆ ಆಡಿಸೋವರೆಗೆ ಅರ್ಧ ದಿನ ಕಾದ. ಆಮೇಲೆ ಒಂದೇ ಬೊಗಸೆ ಕುಡಿದು ಕೈ ಮುಗಿದು ಹೋದ. ನಮ್ಮವರು ಅವನನ್ನ ಕೊನೇವರೆಗೆ ನೆಂಟ ಅಂತಲೇ ಕರೆದರು. ಇಷ್ಟು ಒಳ್ಳೇ ಹಿರಿಯ ಮನೇಲೇ ಇದ್ದ ನಿಮಗೆ."

ರಾಜ ದೊಡ್ಡಜ್ಜಿ ಕಡೆ ತಿರುಗಿ ಕೈ ಮುಗಿದು, "ಕುಡೀಲಾ ಅಜ್ಜಿ?" ಅಂದ. ಈ ಸಲ ಡಂಗುರ ಇರಲಿಲ್ಲ, ಕವಿ ಇರಲಿಲ್ಲ.

ಬಂಡೆ ಮೇಲೆ ಒಂದು ಮುದಿ ಓತಿಕ್ಯಾತ ಇತ್ತು. ಅದು ಅವನನ್ನ ನೋಡಿತು. ಬಿಸಿಲು ಕಾಯಿಸಿಕೊಂಡಿತು. ಒಂದು ನೊಣ ತಿಂದಿತು. ಅದಕ್ಕೇನು ಅವಸರ? ಹೊತ್ತು ವಾಲಿತು. ರಾಜ ಕದಲಲಿಲ್ಲ. ಆಗ ಅದು ತಲೆ ಆಡಿಸಿತು.

"ಕುಡಿ ಮಗಾ," ಅಂದಳು ಬೋರಕ್ಕ.

ಆ ತಾಮ್ರದ ಹಲಗೆ ಏನಾಯ್ತು ಅಂತೀರಾ? ತರಗೆಲೆ ಬೀಳದ ಹಾಗೆ ದೊಣೆ ಮುಚ್ಚೋಕೆ ಇಟ್ಟಿದಾರೆ, ಅಳತೆ ಸರಿಹೋಗಿದೆ. ಸೆರೆಮನೆಯವರನ್ನೆಲ್ಲ ಬಿಟ್ಟರು, ಮೊದಲಿನ ಆರು ಮಲ್ಲರಾಯರು ಇರಲೇ ಇಲ್ಲ ಅಂತ ಇತ್ಯರ್ಥ ಆಯ್ತಲ್ಲ. ಅರಮನೆಯಲ್ಲಿ ಈಗ ಗಟ್ಟಿ ಮೊಸರು ಬಡಿಸ್ತಾರೆ. ಶೃಂಗಾರಯ್ಯ ಮೂರನೇ ರಾಜ್ಯಕ್ಕೆ ಹೋಗಿ ಅಲ್ಲಿನ ರಾಜ ಸಮುದ್ರದಿಂದ ಹುಟ್ಟಿದ ಅಂತ ಬರೀತಿದಾನೆ. ಅಂಥವರಿಗೆ ಏನೂ ಆಗಲ್ಲ, ಅದನ್ನ ನನ್ನ ಕೇಳಬೇಡಿ.

ನೀತಿ ಕೇಳದೆ ನೀವು ಏಳಲ್ಲ ಅಂತ ಗೊತ್ತು, ಕೇಳಿಸಿಕೊಳ್ಳಿ. ಬೇರೆಯವರ ಹಿರಿಯರನ್ನ ಎಳ್ಕೊಂಡು ಬಂದರೆ ನಮಗೆ ಮನೆತನ ಬರಲ್ಲ. ಕೇಳಿ, ಕಾದು ಕುಡಿದರೆ ನೀರೂ ಸಿಗುತ್ತೆ, ನೆಂಟರೂ ಸಿಗ್ತಾರೆ.

ಕತೆ ಗುಡ್ಡ ಹತ್ತಿತು, ನೀವು ಮನೆ ದಾರಿ ಹಿಡೀರಿ. ಹೋಗುವಾಗ ನಿಮ್ಮ ತಾತನ ಕೆಲಸ ಏನಿತ್ತು ಅಂತ ಕೇಳ್ಕೊಳ್ಳಿ.